ಒಡಂಬಡಿಕೆಯ ಹೊರಗೆ ನಿಂತ ರೋಗಿ

ಉಡುಪಿ ಬಳಿಯ ಅಲೆವೂರಿನ ಗದ್ದೆಬಯಲಿನಿಂದ ಉತ್ತರಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಮಣಿಪಾಲದ ಗುಡ್ಡವು ಮುಳಿಹುಲ್ಲು ಮುರಕಲ್ಲುಗಳ ಹೊರತು ಬೇರೇನನ್ನೂ ಕೊಡದ ಬರಡು ನೆಲವಾಗಿದ್ದ ಕಾಲದಲ್ಲಿ, ಈ ಊರಿನ ಗೃಹಸ್ಥನು ಕಾಯಿಲೆ ಬಿದ್ದರೆ ಆ ವ್ಯವಹಾರವೆಲ್ಲ ಮದ್ದು ಕೊಡುವ ಪಂಡಿತರಿಗೂ ಮದ್ದು ಕುಡಿಯುವ ರೋಗಿಗೂ ನಡುವೆ ಮುಗಿದುಹೋಗುತ್ತಿತ್ತು. ಸಲ್ಲಬೇಕಾದುದು ನಾಣ್ಯವಾಗಿಯೋ ಅಕ್ಕಿ ತೆಂಗಿನಕಾಯಿಗಳಾಗಿಯೋ ಸಲ್ಲುತ್ತಿತ್ತು, ಕೆಲವು ವೇಳೆ ಸಲ್ಲದೆಯೂ ಉಳಿಯುತ್ತಿತ್ತು. ಇಂದು ಅದೇ ಗೃಹಸ್ಥನ ಮೊಮ್ಮಗನಿಗೆ ಚಿಕಿತ್ಸೆ ಯಾವ ಕ್ರಮದಲ್ಲಿ ದೊರೆಯುವುದೆಂಬುದನ್ನು ನಿರ್ಣಯಿಸುವ ಪತ್ರಕ್ಕೆ ಆಸ್ಪತ್ರೆಯ ಸಹಿಯೂ ಹಣ ತೆರುವವರ ಸಹಿಯೂ ಇರುವುದಲ್ಲದೆ ಆತನ ಸಹಿಯಿರುವುದಿಲ್ಲ. ಆ ಪತ್ರವನ್ನು ಆತನು ಕಂಡೂ ಇರುವುದಿಲ್ಲ. ಹಣ ತೆರುವ ಈ ಮೂರನೆಯ ಪಕ್ಷವು ನಮ್ಮ ಸೀಮೆಗೆ ಬಂದ ಬಗೆಯನ್ನು ಇಲ್ಲಿ ವಿಚಾರಿಸಬೇಕಾಗಿದೆ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಎಂಬ ಮೂವರು, ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗುವ ಸಂಕಲ್ಪದಿಂದ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಯಿತು. 1928ರಲ್ಲಿ ಆರಂಭವಾದ ಅದರ ಪಿಗ್ಮಿ ಠೇವಣಿಯ ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನು ಎಣಿಸಿಕೊಂಡು ಹೋಗುತ್ತಿದ್ದನು. ಮೂವರಲ್ಲಿ ವೈದ್ಯರಾಗಿದ್ದವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಾಗ ಗುಡ್ಡದ ಮೇಲೆ ಕಾಲೇಜಿಗೆ ತಕ್ಕ ಆಸ್ಪತ್ರೆಯಿರಲಿಲ್ಲವಾದುದರಿಂದ, ಜಿಲ್ಲೆಯು ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದ ಆ ದಿನಗಳಲ್ಲಿ ವಿದ್ಯಾರ್ಥಿಗಳು ರೋಗಿಯ ಮಂಚದ ಬಳಿ ನಿಂತು ಕಲಿಯಬೇಕಾದುದನ್ನು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿ ಕಲಿತರು. ಆಸ್ಪತ್ರೆ ಸರ್ಕಾರದ್ದು, ಅಧ್ಯಾಪಕರು ಖಾಸಗಿ ಕಾಲೇಜಿನವರು: ರೋಗಿಯ ತಲೆಯ ಮೇಲಿಂದ ಇಬ್ಬರು ಕೈಕುಲುಕಿದ ಒಪ್ಪಂದವು ಈ ಕರಾವಳಿಗೆ ಅಂದೇ ಪರಿಚಿತವಾಯಿತು, ಆದರೆ ಅದರಿಂದ ರೋಗಿಗೆ ಲಾಭವೇ ಆಯಿತೆನ್ನಬೇಕು. 1961ರಲ್ಲಿ ಮಣಿಪಾಲದಲ್ಲಿಯೇ ಕಸ್ತೂರ್ಬಾ ಆಸ್ಪತ್ರೆ ಎದ್ದಮೇಲೆ, ಎರಡಾಣೆಯನ್ನು ಕೂಡಿಡುವ ಸ್ಥಳವೂ ಕೂಡಿಟ್ಟದ್ದನ್ನು ವ್ಯಯಿಸುವ ಸ್ಥಳವೂ ಒಂದೇ ಗುಡ್ಡದ ಮೇಲೆ ನೆರೆಹೊರೆಯಾದುವು. ಇದನ್ನು ಸತ್ಯಯುಗವೆಂದು ಕೊಂಡಾಡುವ ಉತ್ಸಾಹ ನನಗಿಲ್ಲ. ಒಂದೇ ಮನೆತನದ ಆಶ್ರಯದಲ್ಲಿ ಧನವೂ ಔಷಧವೂ ಇರುವುದು ಒಳ್ಳೆಯದೇ ಎಂಬುದು ಬೇರೆ ಚರ್ಚೆ. ಹಣ ತೆರುವವನು ಯಾರೆಂಬ ಸಂಶಯಕ್ಕೆ ಮಾತ್ರ ಅಲ್ಲಿ ಎಡೆಯಿರಲಿಲ್ಲ.

1969ರ ಜುಲೈ 19ರಂದು ಬ್ಯಾಂಕು ರಾಷ್ಟ್ರದ ಸ್ವತ್ತಾಯಿತು. 1973ರ ಆದಿಯಿಂದ ಸಾಮಾನ್ಯ ವಿಮೆಯೂ ನಾಲ್ಕು ಸರ್ಕಾರಿ ಕಂಪನಿಗಳ ಪಾಲಾಯಿತು. ಆ ಕಂಪನಿಗಳು 1986ರಲ್ಲಿ ತಂದ ಮೆಡಿಕ್ಲೈಮ್ ಎಂಬ ಪಾಲಿಸಿಯಲ್ಲಿ ರೋಗಿಯು ಮೊದಲು ಬಿಲ್ಲು ಕಟ್ಟಿ, ಬಳಿಕ ರಸೀದಿಗಳ ಕಟ್ಟನ್ನು ಕಳುಹಿಸಿ, ಹಣಕ್ಕಾಗಿ ಕಾದು ಕೂರುತ್ತಿದ್ದನು. 2001ರಲ್ಲಿ ಟಿ.ಪಿ.ಎ.ಗಳೆಂಬ ಮಧ್ಯವರ್ತಿಗಳಿಗೆ ನಿಯಮಗಳು ಬಂದು, ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ತೆರುವ ಕ್ಯಾಶ್‌ಲೆಸ್ ಪದ್ಧತಿಯು ವ್ಯಾಪಿಸಿದಾಗ ಕಾಯುವ ಕಷ್ಟ ನೀಗಿತೆಂದು ಜನರು ಹಿಗ್ಗಿದುದು ಸಹಜವೇ. ಆದರೆ ಆ ಅನುಕೂಲವು ಕಂಪನಿಯೂ ಆಸ್ಪತ್ರೆಯೂ ದರದ ವಿಷಯದಲ್ಲಿ ಏಕಮತವಾಗಿರುವ ತನಕ ಮಾತ್ರ ನಿಲ್ಲತಕ್ಕದ್ದೆಂಬುದು 2010ರ ಜುಲೈ 1ರಂದು ಪ್ರಕಟವಾಯಿತು. ವಿಮೆಯುಳ್ಳವರಿಗೆ ಆಸ್ಪತ್ರೆಗಳು ಹೆಚ್ಚು ದರ ಹಾಕುತ್ತಿವೆಯೆಂದೂ ಬರುವ ಕಂತಿಗಿಂತ ತೆರುವ ಪರಿಹಾರವೇ ಮಿಗಿಲಾಗಿದೆಯೆಂದೂ ದೂರಿ, ಆ ನಾಲ್ಕು ಕಂಪನಿಗಳು ದೆಹಲಿ, ಮುಂಬಯಿ, ಚೆನ್ನೈ, ಬೆಂಗಳೂರುಗಳ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಸೌಲಭ್ಯವನ್ನು ಏಕಾಏಕಿ ನಿಲ್ಲಿಸಿದುವು. ದೂರದ ಪಟ್ಟಣಗಳ ಸುದ್ದಿ ನಮಗೇಕೆ ಎನ್ನುವಂತಿರಲಿಲ್ಲ. ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕಾಗಿ ಮುಂಬಯಿ ಬೆಂಗಳೂರುಗಳನ್ನು ಸೇರಿದ ಮಕ್ಕಳಿಲ್ಲದ ಮನೆ ಈ ಸೀಮೆಯಲ್ಲಿ ಅಪೂರ್ವ.

ಇತ್ತ ಕರ್ನಾಟಕದಲ್ಲಿ ವಿಮಾ ಕಂಪನಿಯ ಹಂಗೇ ಇಲ್ಲದ ಒಂದು ಪ್ರಯೋಗವು 2003ರ ಜೂನ್ 1ರಿಂದ ನಡೆದಿತ್ತು. ಕಿನ್ನಿಗೋಳಿಯವರಾದ ಹೃದಯತಜ್ಞ ಡಾ. ದೇವಿ ಪ್ರಸಾದ್ ಶೆಟ್ಟಿಯವರ ಪ್ರೇರಣೆಯಿಂದ ಹುಟ್ಟಿದ ಯಶಸ್ವಿನಿ ಯೋಜನೆಯಲ್ಲಿ, ಸಹಕಾರ ಸಂಘದ ಸದಸ್ಯನಾದ ರೈತನು ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿ ತೆತ್ತು ಶಸ್ತ್ರಚಿಕಿತ್ಸೆಯ ಹಕ್ಕನ್ನು ಪಡೆಯುತ್ತಿದ್ದನು. ಹಣವನ್ನು ಒಂದು ಟ್ರಸ್ಟು ನಿರ್ವಹಿಸುತ್ತಿತ್ತು. ಊರ ಸೊಸೈಟಿಗೆ ಗೊಬ್ಬರಕ್ಕೆಂದು ಹೋದವನು ಅಲ್ಲಿಯೇ ಕಾರ್ಡನ್ನೂ ಮಾಡಿಸಿಕೊಂಡು ಬರಬಹುದಾಗಿದ್ದುದರಿಂದ ಪಿಗ್ಮಿಯ ಸಾಮೀಪ್ಯವು ಮರಳಿ ಬಂದಂತಾಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಸಂಪೂರ್ಣ ಸುರಕ್ಷಾ ಎಂಬ ಆರೋಗ್ಯ ವಿಮೆಯು 2004ರಲ್ಲಿ ಬಂದಿತು. ಮಣಿಪಾಲದ ಆರೋಗ್ಯ ಕಾರ್ಡು ಮೊದಲೇ ಇದ್ದಿತಾದರೂ ಅದು ರಿಯಾಯಿತಿಯ ಕಾರ್ಡೇ ಹೊರತು ವಿಮೆಯಲ್ಲ.

2018ರಲ್ಲಿ ಸರ್ಕಾರವು ಯಶಸ್ವಿನಿಯನ್ನು ನಿಲ್ಲಿಸಿ, ತನ್ನ ಇತರ ಯೋಜನೆಗಳೊಡನೆ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿತು. ಹೊಸ ನಿಯಮದಂತೆ, ತುರ್ತು ಚಿಕಿತ್ಸೆಗಳ ಒಂದು ಪಟ್ಟಿಯನ್ನು ಬಿಟ್ಟರೆ ಉಳಿದುದಕ್ಕೆಲ್ಲ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಯಿತು. ಇದರ ಫಲವನ್ನು ಅಲೆವೂರಿನಲ್ಲಿಯೇ ನೋಡಬಹುದು: ಮಣಿಪಾಲವು ಹಿತ್ತಿಲಿನಾಚೆ ಇದ್ದಂತೆ ಹತ್ತಿರವಿದ್ದರೂ ರೋಗಿಯು ಮೊದಲು ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಿ, ಹೊರರೋಗಿಗಳ ಸಾಲಿನಲ್ಲಿ ನಿಂತು, ಇಲ್ಲಿ ಈ ಚಿಕಿತ್ಸೆ ಲಭ್ಯವಿಲ್ಲವೆಂಬ ಪತ್ರವನ್ನು ಪಡೆದು, ಮತ್ತೆ ಗುಡ್ಡವನ್ನು ಹತ್ತಬೇಕು. ಎ.ಪಿ.ಎಲ್. ಕುಟುಂಬವಾದರೆ ಇಷ್ಟೆಲ್ಲ ಮಾಡಿದ ಮೇಲೂ ನಿಗದಿಯಾದ ದರದಲ್ಲಿ ಸರ್ಕಾರದ ಪಾಲು ಶೇಕಡಾ 30 ಮಾತ್ರ. ಸರ್ಕಾರಿ ಆಸ್ಪತ್ರೆಗಳಿಗೆ ಬಲ ಬರಲೆಂಬ ಉದ್ದೇಶವನ್ನು ನಾನು ಹಳಿಯಲಾರೆ. ಆದರೆ ಆ ಬಲವನ್ನು ಮೊಣಕಾಲು ನೋಯುವ ಮುದುಕಿಯ ಕಾಲ್ನಡಿಗೆಯಿಂದ ಸಂಪಾದಿಸಹೊರಟುದು ವಿವೇಕವೆನಿಸುವುದಿಲ್ಲ.

ವಿಮಾ ಕಂಪನಿಗಳಿಗೂ ಆಸ್ಪತ್ರೆಗಳಿಗೂ ನಡುವಣ ಕಲಹವೂ ಶಮನವಾಗಿಲ್ಲ. ಆಸ್ಪತ್ರೆಯ ಕೋರಿಕೆಗೆ ಒಂದು ಗಂಟೆಯೊಳಗೂ ಬಿಡುಗಡೆಯ ವೇಳೆ ಮೂರು ಗಂಟೆಯೊಳಗೂ ಕಂಪನಿಯು ಒಪ್ಪಿಗೆ ತಿಳಿಸತಕ್ಕದ್ದೆಂದು ವಿಮಾ ಪ್ರಾಧಿಕಾರವು 2024ರಲ್ಲಿ ವಿಧಿಸಿತು. ಮರುವರ್ಷವೇ ಆಸ್ಪತ್ರೆಗಳ ಒಂದು ಸಂಘವು, ಹಳೆಯ ದರಗಳು ಸಾಲವೆಂದು, ಸೆಪ್ಟೆಂಬರ್ 1ರಿಂದ ಬಜಾಜ್ ಅಲಿಯಾನ್ಸ್ ಕಂಪನಿಯ ಪಾಲಿಸಿದಾರರಿಗೆ ಕ್ಯಾಶ್‌ಲೆಸ್ ನಿಲ್ಲಿಸುವಂತೆ ತನ್ನ ಸದಸ್ಯರಿಗೆ ಸೂಚಿಸಿ, ಮಾತುಕತೆಯಾದ ಮೇಲೆ ಆ ಸೂಚನೆಯನ್ನು ಹಿಂತೆಗೆದುಕೊಂಡಿತು.

ಯಶಸ್ವಿನಿಯು 2022ರಲ್ಲಿ ಮರಳಿ ಘೋಷಿತವಾಗಿ, ನಾಲ್ವರ ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ 500 ರೂಪಾಯಿಯೆಂದು ಗೊತ್ತಾಯಿತು. ಇಲ್ಲಿಯವರು ಒಮ್ಮೆ ಮೋಸಹೋಗಿ ಬುದ್ಧಿ ಬಂದ ಜನರಾದುದರಿಂದ, ಕಂತು ಕಟ್ಟುವ ಮುನ್ನ ಸೊಸೈಟಿಯ ಗುಮಾಸ್ತರನ್ನು ಅವರು ಕೇಳುವುದು ಇದೊಂದನ್ನೇ: “ಈ ಸಲ ಲಿಸ್ಟಿನಲ್ಲಿ ಮಣಿಪಾಲ ಉಂಟಲ್ಲ?”