ಹೆಬ್ಬೆಟ್ಟಿನಿಂದ ಹೆಬ್ಬೆರಳಿನವರೆಗೆ

ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ ತಾಲೂಕಿನ ಚೊಳಚಗುಡ್ಡಕ್ಕೆ ಹೋದವರಿಗೆ ಗೊತ್ತು, ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ. ಪುಷ್ಯ ಮಾಸದ ಹುಣ್ಣಿಮೆಗೆ ತೇರು ಎಳೆದು ವಾರಗಳು ಕಳೆದರೂ ನಾಟಕ ಕಂಪೆನಿಗಳು ಡೇರೆ ಕೀಳುವುದಿಲ್ಲ. ಬೆಂಗಳೂರು, ಪುಣೆಗಳಲ್ಲಿ ಕೆಲಸಕ್ಕಿರುವ ಮಕ್ಕಳು ರಜೆ ಹಾಕಿ ಬರುತ್ತಾರೆ. ಆದರೆ ಕಚೇರಿ ಅವರ ಬೆನ್ನು ಬಿಡುವುದಿಲ್ಲ. ಜೇಬಿನಲ್ಲಿರುವ ಮೊಬೈಲಿನೊಳಗೆ ಅದೂ ಬಂದಿರುತ್ತದೆ.

ಅಂತಹ ಒಂದು ಮನೆಯಲ್ಲಿ ನಾವು ಕುಳಿತಿದ್ದಾಗ ಮೊಮ್ಮಗನ ಮೊಬೈಲು ಸದ್ದು ಮಾಡಿತು. ಆತ ನೋಡಿದ, ಒಂದು ಹೆಬ್ಬೆರಳಿನ ಚಿತ್ರ ಒತ್ತಿದ, ಮತ್ತೆ ಜೇಬಿಗೆ ಹಾಕಿಕೊಂಡ. ಪಕ್ಕದಲ್ಲಿದ್ದ ಅಜ್ಜಿ ಅದನ್ನು ಕಂಡು ನಕ್ಕರು. "ಏನೋ ತಮ್ಮಾ, ಇಂಜಿನಿಯರ್ ಆದ ಮ್ಯಾಲೂ ಹೆಬ್ಬೆಟ್ಟು ಒತ್ತೋದು ಬಿಡಲಿಲ್ಲೇನು?" ಎಲ್ಲರೂ ನಕ್ಕರು. ಅಜ್ಜಿ ಬಿಡಲಿಲ್ಲ. "ಏನಂತ ಒತ್ತಿದಿ?" ಎಂದರು. ಮೊಮ್ಮಗ ಸ್ವಲ್ಪ ಯೋಚಿಸಿ, "ಏನಿಲ್ಲ ಅಜ್ಜಿ, ಸುಮ್ಮನೆ" ಎಂದ.

ಅಕ್ಷರ ಬಾರದ ಆ ಹಿರಿಯ ಜೀವದ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಅವರು ಬದುಕಿನಲ್ಲಿ ಎಷ್ಟೋ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದವರು. ಪ್ರತಿಸಲವೂ ಒತ್ತುವ ಮೊದಲು ಯಾರನ್ನಾದರೂ ಕೇಳಿದವರು, "ಏನಂತ ಬರದೈತಿ?" ಎಂದು. ಮಾತಿನ ಬದಲು ಗುರುತು ನೀಡುವ ಪದ್ಧತಿ ಇಂದು ಹುಟ್ಟಿದ್ದಲ್ಲ. ಅದಕ್ಕೆ ದೀರ್ಘ ಚರಿತ್ರೆಯಿದೆ. ಆ ಚರಿತ್ರೆಯನ್ನು ಮರೆತು ಗುರುತನ್ನಷ್ಟೇ ಉಳಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಇಂದು ಕೆಲಸದ ಸ್ಥಳಗಳೇ ಸಾಕ್ಷಿ.

ಕಲ್ಲಿನ ಮೇಲಿನ ಚಿತ್ರ, ತಟ್ಟೆಯ ಎಲೆ

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ನೋಡಿ. ಬರಹದ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಹಸು ಮತ್ತು ಕರುವಿನ ಚಿತ್ರಗಳನ್ನು ಕೆತ್ತಿರುವುದುಂಟು. ಸೂರ್ಯ ಚಂದ್ರರಿರುವ ತನಕ ಈ ದಾನ ಉಳಿಯಲಿ ಎಂಬುದು ಅದರ ತಾತ್ಪರ್ಯ. ಓದಲು ಬಾರದ ರೈತನೂ ಆ ಕಲ್ಲನ್ನು ಕಂಡಾಗ ಅದು ದಾನದ ಭೂಮಿಯೆಂದು ತಿಳಿಯುತ್ತಿದ್ದ. ಗಮನಿಸಬೇಕಾದ ಅಂಶವೆಂದರೆ, ಚಿತ್ರದ ಕೆಳಗೆ ವಿವರವಾದ ಬರಹವೂ ಇರುತ್ತಿತ್ತು. ಬರಹದ ಜಾಗವನ್ನು ಚಿತ್ರ ಕಿತ್ತುಕೊಳ್ಳಲಿಲ್ಲ.

ಬನಶಂಕರಿಯ ಸುತ್ತಮುತ್ತ ತೆಂಗು ಬಾಳೆಗಳ ಜೊತೆ ವೀಳ್ಯದೆಲೆಯ ತೋಟಗಳಿವೆ. ಈ ಎಲೆಯೂ ನಮ್ಮಲ್ಲಿ ಒಂದು ಭಾಷೆಯೇ. ಸಂಬಂಧ ಕುದುರಿದರೆ ಎಲೆ ಅಡಿಕೆ. ಯುದ್ಧಕ್ಕೆ ಹೊರಡುವವನಿಗೆ ರಣವೀಳ್ಯ. ಉರ್ದು ಮಾತಾಡುವ ಮನೆಗಳಲ್ಲಿ ಹೊಣೆ ಹೊರುವುದಕ್ಕೆ 'ಬೀಡಾ ಉಠಾನಾ' ಎನ್ನುತ್ತಾರೆ. ವೀಳ್ಯ ಕೈಗೆತ್ತಿಕೊಳ್ಳುವುದು ಎಂದೇ ಅದರ ಅರ್ಥ. ಎರಡು ಭಾಷೆಗಳು ಒಂದೇ ಎಲೆಯಿಂದ ಒಂದೇ ಅರ್ಥ ತೆಗೆದಿವೆ. 1443ರಲ್ಲಿ ಹೆರಾತಿನ ಶಾರೂಖ್ ದೊರೆಯ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ರಝಾಕ್, ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ತನಗೆ ವೀಳ್ಯ ಮತ್ತು ಕರ್ಪೂರ ಕೊಟ್ಟು ಗೌರವಿಸಿದ್ದನ್ನು ದಾಖಲಿಸಿದ್ದಾನೆ. ಭಾಷೆ ಬಾರದ ಅತಿಥಿಗೂ ಆ ಎಲೆಯ ಮಾತು ಅರ್ಥವಾಯಿತು.

ಏಕೆ ಅರ್ಥವಾಯಿತು? ಎಲೆಯನ್ನು ಕತ್ತಲಲ್ಲಿ ಕೊಡುತ್ತಿರಲಿಲ್ಲ. ನಾಲ್ಕು ಜನರ ಎದುರು, ಏನೆಂದು ಹೇಳಿ ಕೊಡುತ್ತಿದ್ದರು. ತೆಗೆದುಕೊಂಡವನಿಗೂ ನೋಡಿದವರಿಗೂ ಅದರ ಅರ್ಥ ಒಂದೇ ಆಗಿತ್ತು.

ಶಾಯಿ ಬಳಿದ ಬೆರಳು

ಎಲೆಯ ನಂತರ ಬಂದದ್ದು ಬೆರಳು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಕೆಲಸದ ಸಾಮಗ್ರಿ ಪೂರೈಸುವ ರಾಜ್ಯಧರ ಕೋನಾಯ್ ಎಂಬವರಿಂದ ಕರಾರು ಪತ್ರದ ಮೇಲೆ ಇಡೀ ಅಂಗೈಯ ಗುರುತು ಪಡೆದ. ಮುಂದೆ ಮಾತಿಗೆ ತಪ್ಪದಿರಲಿ ಎಂದು ಹೆದರಿಸುವುದೇ ಆಗ ಅವನ ಉದ್ದೇಶವಾಗಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಆರಂಭವಾಯಿತು. ಬೆರಳಚ್ಚುಗಳನ್ನು ವಿಂಗಡಿಸಿ ಹುಡುಕುವ ಲೆಕ್ಕವನ್ನು ರೂಪಿಸುವುದರಲ್ಲಿ ದುಡಿದವರು ಕಾಝಿ ಅಝೀಝುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ನೌಕರರು. ಆದರೆ ಜಗತ್ತು ಆ ಪದ್ಧತಿಯನ್ನು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಿಂದಲೇ ಕರೆಯಿತು.

ಹೆಬ್ಬೆಟ್ಟು ಹೇಳುವುದು ಒಂದೇ ಮಾತು. ಒತ್ತಿದವನು ನಾನೇ ಎಂದು. ನಾನು ಓದಿದೆ, ತಿಳಿದೆ ಎಂದು ಅದು ಹೇಳುವುದಿಲ್ಲ. ಆದರೂ ಸಾಲದ ಪತ್ರದ ಮೇಲೆ ಬಿದ್ದ ಹೆಬ್ಬೆಟ್ಟನ್ನು 'ಎಲ್ಲಕ್ಕೂ ಒಪ್ಪಿದ್ದಾನೆ' ಎಂದು ಓದಿದರು. ಹತ್ತು ರೂಪಾಯಿ ಪಡೆದು ನೂರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರ ಕಥೆಗಳು ಯಾವ ಊರಲ್ಲಿಲ್ಲ? ಗುರುತು ಕೊಟ್ಟವನು ಒಂದು ಅರ್ಥದಲ್ಲಿ ಕೊಟ್ಟ. ಪಡೆದವನು, ಬಲಶಾಲಿಯಾದವನು, ಬೇರೆ ಅರ್ಥದಲ್ಲಿ ಓದಿದ. ಅಜ್ಜಿಯ "ಏನಂತ ಒತ್ತಿದಿ?" ಎಂಬ ಪ್ರಶ್ನೆ ಈ ಅನುಭವದಿಂದ ಬಂದದ್ದು.

ನಗುವ ಗುರುತು ಹುಟ್ಟಿದ ಬಗೆ

ಕಂಪ್ಯೂಟರಿನ ನಗುಮುಖ ಹುಟ್ಟಿದ್ದೂ ಕೆಲಸದ ಜಾಗದಲ್ಲಿಯೇ, ಅದೂ ಒಂದು ತಪ್ಪು ತಿಳುವಳಿಕೆಯಿಂದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲಿಫ್ಟಿನೊಳಗೆ ಪಾದರಸ ಚೆಲ್ಲಿದರೆ ಏನಾಗುತ್ತದೆಂದು ಕೆಲವರು ಕಂಪ್ಯೂಟರಿನಲ್ಲಿ ತಮಾಷೆಯ ಮಾತು ಬೆಳೆಸಿದ್ದರು. ಇನ್ನು ಕೆಲವರು ಅದನ್ನು ನಿಜವಾದ ಎಚ್ಚರಿಕೆಯೆಂದೇ ನಂಬಿದರು. ಆಗ 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ವಿಜ್ಞಾನಿ, ತಮಾಷೆಯ ಮಾತಿನ ಮುಂದೆ ಎರಡು ಚುಕ್ಕೆ, ಅಡ್ಡಗೆರೆ, ಆವರಣ ಚಿಹ್ನೆ ಸೇರಿಸಿ ನಗುಮುಖ ಮಾಡೋಣವೆಂದು ಸೂಚಿಸಿದ. ಗೊಂದಲ ನಿವಾರಣೆಯೇ ಅದರ ಗುರಿಯಾಗಿತ್ತು.

1999ರಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಕಂಪೆನಿಗಾಗಿ ಶಿಗೆತಕಾ ಕುರಿತಾ ಮೊಬೈಲಿನಲ್ಲಿ ಬಳಸುವ 176 ಪುಟ್ಟ ಚಿತ್ರಗಳನ್ನು ರಚಿಸಿದರು. ಒಂದೊಂದೂ 12ಕ್ಕೆ 12 ಚುಕ್ಕೆಗಳ ಚೌಕದೊಳಗೆ. ಜಪಾನಿ ಭಾಷೆಯಲ್ಲಿ 'ಎ' ಎಂದರೆ ಚಿತ್ರ, 'ಮೋಜಿ' ಎಂದರೆ ಅಕ್ಷರ. ನಮ್ಮ ಮೋಜಿಗೂ ಅದಕ್ಕೂ ಸಂಬಂಧವಿಲ್ಲ. 2010ರಲ್ಲಿ ಯುನಿಕೋಡ್ ಈ ಚಿತ್ರಗಳಿಗೆ ಜಾಗತಿಕ ಮಾನ್ಯತೆ ನೀಡಿತು. ಅದರಿಂದ ಯಾವ ಕಂಪೆನಿಯ ಮೊಬೈಲಿನಿಂದ ಕಳುಹಿಸಿದರೂ ಚಿತ್ರ ತಲುಪುವಂತಾಯಿತು.

ಈ ಪಟ್ಟಿಯೊಳಗೆ ಸೇರುವುದಕ್ಕೂ ಹೋರಾಟ ಬೇಕಾಯಿತು. ತಲೆಗೆ ಸ್ಕಾರ್ಫ್ ಧರಿಸಿದ ಹೆಣ್ಣಿನ ಚಿತ್ರ ಅದರಲ್ಲಿರಲಿಲ್ಲ. ಬರ್ಲಿನ್‌ನಲ್ಲಿ ಓದುತ್ತಿದ್ದ ಸೌದಿ ಮೂಲದ ರಯೂಫ್ ಅಲ್‌ಹುಮೈದಿ ಎಂಬ ಹದಿನೈದರ ಬಾಲಕಿ 2016ರಲ್ಲಿ ಇದನ್ನು ಪ್ರಶ್ನಿಸಿ ಅರ್ಜಿ ಹಾಕಿದಳು. 2017ರಲ್ಲಿ ಆ ಚಿತ್ರ ಸೇರಿತು.

ಕಚೇರಿಯ ಹರಟೆ ಗುಂಪುಗಳಿಗೆ ಇವು ನುಗ್ಗಿದ್ದು ಬೇರೊಂದು ಕಾರಣದಿಂದ. ಐವತ್ತು ಜನರ ಗುಂಪಿನಲ್ಲಿ ಮೇಲಧಿಕಾರಿ ಒಂದು ಸೂಚನೆ ಹಾಕಿದರೆ ಐವತ್ತು 'ಸರಿ ಸರ್' ಬರುತ್ತಿತ್ತು. ಮುಖ್ಯ ಸಂಗತಿ ಅದರಡಿ ಹೂತುಹೋಗುತ್ತಿತ್ತು. ಸಂದೇಶದ ಕೆಳಗೇ ಒಂದು ಚಿತ್ರ ಅಂಟಿಸುವ ಸೌಕರ್ಯವನ್ನು ಸ್ಲ್ಯಾಕ್ 2015ರಲ್ಲಿ ನೀಡಿತು. ವಾಟ್ಸಾಪ್‌ಗೆ ಅದು ಬಂದದ್ದು 2022ರಲ್ಲಿ. ಸೌಕರ್ಯವೇನೋ ದೊಡ್ಡದೇ. ಸಮಸ್ಯೆಯೆಂದರೆ, 'ಕಂಡೆ', 'ಒಪ್ಪಿದೆ', 'ಮೆಚ್ಚಿದೆ' ಎಂಬ ಮೂರು ಬೇರೆ ಬೇರೆ ಮಾತುಗಳನ್ನು ಒಂದೇ ಹೆಬ್ಬೆರಳು ಹೊರಬೇಕಾಯಿತು.

ನ್ಯಾಯಾಲಯದ ಕಟಕಟೆಯಲ್ಲಿ ಒಂದು ಬೆರಳು

ಈ ಗೊಂದಲ ಒಬ್ಬ ಬಡ ನೌಕರನ ಅನ್ನಕ್ಕೇ ಕುತ್ತು ತಂದ ಪ್ರಸಂಗ ನಮ್ಮ ದೇಶದಲ್ಲೇ ನಡೆದಿದೆ. 2018ರಲ್ಲಿ ಮೇಘಾಲಯದಲ್ಲಿ ರೈಲ್ವೆ ರಕ್ಷಣಾ ಪಡೆಯ ಅಧಿಕಾರಿಯೊಬ್ಬರ ಹತ್ಯೆಯಾಯಿತು. ಆ ಸುದ್ದಿ ಪಡೆಯ ವಾಟ್ಸಾಪ್ ಗುಂಪಿಗೆ ಬಂದಾಗ ಒಬ್ಬ ಕಾನ್‌ಸ್ಟೆಬಲ್ ಹೆಬ್ಬೆರಳಿನ ಚಿತ್ರ ಹಾಕಿದ. ಕೊಲೆಯನ್ನು ಸಂಭ್ರಮಿಸಿದ್ದಾನೆಂದು ಆರೋಪಿಸಿ ಆತನನ್ನು ಕೆಲಸದಿಂದ ತೆಗೆದರು. ತನಗೆ ವಾಟ್ಸಾಪ್ ಅಷ್ಟಾಗಿ ತಿಳಿಯದು ಎಂದು ಆತ ಹೇಳಿಕೊಂಡ. ಕೊನೆಗೆ 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಆ ಚಿತ್ರವನ್ನು ಸಂದೇಶ ನೋಡಿದ್ದೇನೆ ಎಂಬುದರ ಗುರುತಾಗಿ ಮಾತ್ರ ಕಾಣಬೇಕು, ಸಂಭ್ರಮವೆಂದಲ್ಲ ಎಂದು ಆತನ ಪರವಾಗಿ ನಿಂತಿತು. ಇದೇ ಪೀಠ 2018ರಲ್ಲಿ ಸರಕಾರಿ ದೂರವಾಣಿ ಸಂಸ್ಥೆಯ ನೌಕರರ ಗುಂಪಿನಲ್ಲಿ ನಗುವ ಮುಖ ಹಾಕಿದವರ ಮೇಲಿನ ಮೊಕದ್ದಮೆಯನ್ನೂ ರದ್ದುಪಡಿಸಿತ್ತು.

ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಅಲ್ಲಿ ಅಗಸೆ ಬೆಳೆಯುವ ರೈತನಿಗೆ ಧಾನ್ಯ ಖರೀದಿಸುವ ಕಂಪೆನಿ 2021ರಲ್ಲಿ ಕರಾರು ಪತ್ರದ ಫೋಟೋ ಕಳುಹಿಸಿತು. ಬಾದಾಮಿ ಕಡೆ ರೊಟ್ಟಿಗೆ ಚಟ್ನಿಪುಡಿ ಮಾಡುವ ಅದೇ ಅಗಸೆ. ರೈತ ಹೆಬ್ಬೆರಳು ಒತ್ತಿದ, ಬೆಳೆ ಕೊಡಲಿಲ್ಲ. ಪತ್ರ ತಲುಪಿತು ಎಂದಷ್ಟೇ ನನ್ನ ಅರ್ಥ ಎಂದ. ಆದರೆ ಆತ ಹಿಂದಿನ ಕರಾರುಗಳಿಗೂ ಹೀಗೆಯೇ ಒಂದೆರಡು ಪದಗಳಲ್ಲಿ ಒಪ್ಪಿಗೆ ಕೊಟ್ಟು ಧಾನ್ಯ ಒಪ್ಪಿಸಿದ್ದ. ಆದ್ದರಿಂದ ಈ ಬೆರಳೂ ಒಪ್ಪಿಗೆಯೇ ಎಂದು 2023ರಲ್ಲಿ ತೀರ್ಪಾಯಿತು. ಸುಮಾರು 82 ಸಾವಿರ ಕೆನಡಿಯನ್ ಡಾಲರ್ ಪರಿಹಾರ ತೆರಬೇಕಾಯಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಒಂದೇ ಬೆರಳು. ಮದುರೈಯಲ್ಲಿ 'ಕಂಡೆ', ಕೆನಡಾದಲ್ಲಿ 'ಒಪ್ಪಿದೆ'. ಎರಡು ತೀರ್ಪುಗಳೂ ಪರಸ್ಪರ ವಿರುದ್ಧವಲ್ಲ. ಎರಡೂ ಕಡೆ ನ್ಯಾಯಾಧೀಶರು ಚಿತ್ರವನ್ನಷ್ಟೇ ನೋಡದೆ, ಒತ್ತಿದವನು ಯಾರು, ಯಾವ ಸಂದರ್ಭದಲ್ಲಿ, ಯಾವ ರೂಢಿಯಲ್ಲಿ ಒತ್ತಿದ ಎಂಬುದನ್ನು ವಿಚಾರಿಸಿದರು. ಅಜ್ಜಿ ಕೇಳಿದ್ದೂ ಅದನ್ನೇ ಅಲ್ಲವೇ?

ಕೇಳುವ ಸೌಜನ್ಯ

ಇಂದು ಒಂದೇ ಗುಂಪಿನಲ್ಲಿ ಇಳಕಲ್ಲಿನ ಹುಡುಗಿ, ಚೆನ್ನೈಯ ಯುವಕ, ದುಬೈಯ ವ್ಯವಸ್ಥಾಪಕ ಇರುತ್ತಾರೆ. ಇರಾನ್, ಇರಾಕ್ ಕಡೆಯ ಹಳೆಯ ತಲೆಮಾರಿಗೆ ಎತ್ತಿದ ಹೆಬ್ಬೆರಳು ಬೈಗುಳ. ಮುಗಿದ ಕೈಗಳು ಒಬ್ಬರಿಗೆ ನಮಸ್ಕಾರ, ಇನ್ನೊಬ್ಬರಿಗೆ ಪ್ರಾರ್ಥನೆ, ಜಪಾನಿನಲ್ಲಿ ಕೃತಜ್ಞತೆ. ಸಹೋದ್ಯೋಗಿಯ ತಂದೆ ತೀರಿಕೊಂಡ ಸುದ್ದಿಯ ಕೆಳಗೆ ಹತ್ತು ಹೆಬ್ಬೆರಳುಗಳು ನಿಂತದ್ದನ್ನು ನಾವೇ ಕಂಡಿದ್ದೇವೆ. ಒತ್ತಿದ ಯಾರೂ ಕ್ರೂರಿಗಳಲ್ಲ. ಕೈ ರೂಢಿಯಂತೆ ಹೋಗಿತ್ತು. ಆದರೆ ಅದನ್ನು ಕಂಡ ಮಗನ ಮನಸ್ಸು?

ಹಾಗಾದರೆ ಈ ಚಿತ್ರಗಳನ್ನು ಬಿಟ್ಟುಬಿಡಬೇಕೇ? ಖಂಡಿತ ಬೇಡ. ದಣಿದ ಕೆಲಸದ ನಡುವೆ ಒಂದು ನಗುಮುಖ ಹಗುರ ಮಾಡುತ್ತದೆ. ಆದರೆ ವೀಳ್ಯಕ್ಕಿದ್ದ ರೂಢಿಯನ್ನು ಇದಕ್ಕೂ ತರಬಹುದು. ನಮ್ಮ ಗುಂಪಿನಲ್ಲಿ ಹೆಬ್ಬೆರಳೆಂದರೆ 'ಕಂಡೆ' ಎಂದಷ್ಟೇ ಎಂದು ಮೊದಲೇ ಮಾತಾಡಿಕೊಳ್ಳಬಹುದು. ಒಪ್ಪಿಗೆ ಬೇಕಾದ ಕಡೆ ಅಕ್ಷರದಲ್ಲಿ ಬರೆಯಬಹುದು. ಸಾವಿನ ಮನೆಗೆ ಎರಡು ಮಾತು ಬರೆಯಬಹುದು, ಸಾಧ್ಯವಾದರೆ ಫೋನು ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮೇಲೆ ಕುಳಿತವರು ಕೆಳಗಿನವರ ಒಂದು ಗುರುತಿಗೆ ತಮ್ಮದೇ ಅರ್ಥ ಕಟ್ಟಿ ಶಿಕ್ಷಿಸುವ ಮುನ್ನ ಒಮ್ಮೆ ಕೇಳಬಹುದು.

ಹೊರಡುವಾಗ ಅಜ್ಜಿ ತಟ್ಟೆಯಲ್ಲಿ ಎಲೆ ಅಡಿಕೆ ತಂದು ನಮ್ಮೆದುರು ಹಿಡಿದರು. "ಮುಂದಿನ ಜಾತ್ರಿಗೂ ಬರ್ಬೇಕು ನೋಡ್ರಿ" ಎಂದರು. ನಾವು ತೆಗೆದುಕೊಂಡೆವು. ಏನೆಂದು ತೆಗೆದುಕೊಂಡೆವೆಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.