ಕುದುರೆ ಹಿಂದೆ ಹೋಗ್ತೀನಿ ಅಂತಾನೆ ಮಗ: ಚಳ್ಳಕೆರೆ–ಮೊಳಕಾಲ್ಮುರು ಪೋಷಕರು ತಿಳಿದಿರಬೇಕಾದ ಸಂಗತಿಗಳು

ಚಳ್ಳಕೆರೆ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಮನೆಗಳಲ್ಲಿ ನಡೆಯೋ ಮಾತು ಸಾಮಾನ್ಯವಾಗಿ ಸೈನ್ಸೋ ಕಾಮರ್ಸೋ, ಐಟಿಐಯೋ ಡಿಪ್ಲೊಮಾನೋ ಅನ್ನೋದು. ಅಂಗಡಿ ಇದ್ದವರ ಮನೆಯಲ್ಲಾದರೆ ‘ಗಲ್ಲಾದಲ್ಲಿ ಕೂತ್ಕೋ’ ಅನ್ನೋದು ಇನ್ನೊಂದು ದಾರಿ. ಅಂಥ ಹೊತ್ತಿನಲ್ಲಿ ಮಗನೋ ಮಗಳೋ ‘ನಾನು ಕುದುರೆ ಕೆಲಸ ಕಲೀತೀನಿ’ ಅಂದರೆ ಮನೆಯವರು ಗಾಬರಿ ಆಗೋದು ಸಹಜ. ‘ಅದೇನು ಜೂಜಿನ ಕೆಲಸ’, ‘ಬಿದ್ದರೆ ಸೊಂಟ ಮುರಿಯುತ್ತೆ’, ‘ನಾಳೆ ಹೆಣ್ಣು ಯಾರು ಕೊಡ್ತಾರೆ’ ಎಂಬ ಮೂರು ಪ್ರಶ್ನೆ ಮೊದಲು ಬರುತ್ತವೆ. ಈ ಅನುಮಾನಗಳಲ್ಲಿ ಕೆಲವು ನಿಜ, ಕೆಲವು ಮಾಹಿತಿ ಇಲ್ಲದೆ ಹುಟ್ಟಿದ್ದು. ಎರಡನ್ನೂ ಬೇರೆ ಮಾಡಿ ನೋಡಲು ಬೇಕಾದ ವಿವರ ಇಲ್ಲಿದೆ.

ಈ ಭಾಗಕ್ಕೆ ಹೊಸದೇನಲ್ಲ

ಅಮೃತಮಹಲ್ ಕಾವಲುಗಳ ಸೀಮೆ ಇದು. ಹೈದರಾಲಿ, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಎಳೆದ ದನಗಳು ಮೇಯ್ದದ್ದು ಇಂಥ ಹುಲ್ಲುಗಾವಲುಗಳಲ್ಲೇ. ದೇವರ ಎತ್ತು ಸಾಕೋ ಹಟ್ಟಿಗಳು, ಕುರಿ ಹಿಂಡಿನ ಜತೆ ಊರೂರು ಅಲೆಯೋ ಕುರಿಗಾರರು ಇಲ್ಲಿ ಈಗಲೂ ಇದ್ದಾರೆ. ಹುರುಳಿ ಇಲ್ಲಿಯ ಬೆಳೆ. ಕುದುರೆಗೆ ಹಿಂದಿನಿಂದಲೂ ಕೊಡುತ್ತಾ ಬಂದ ಕಾಳೂ ಅದೇ. ಎತ್ತಿನ ಕಾಲಿಗೆ ಲಾಳ ಕಟ್ಟೋದನ್ನ ಸಂತೆಯಲ್ಲಿ ನೋಡಿದ ಹುಡುಗನಿಗೆ ಕುದುರೆ ಲಾಳದ ಕೆಲಸ ಪೂರ್ತಿ ಅಪರಿಚಿತ ಅಲ್ಲ. ಪ್ರಾಣಿ ಹತ್ತಿರ ಹೆದರದೆ ಹೋಗೋದು, ಅದು ಮೇವು ಬಿಟ್ಟರೆ ತಕ್ಷಣ ಗಮನಿಸೋದು ಈ ಕಸುಬಿನ ಮೊದಲ ಪಾಠ. ಹಟ್ಟಿಯಲ್ಲಿ ಬೆಳೆದ ಮಕ್ಕಳಿಗೆ ಆ ಪಾಠ ಮನೆಯಲ್ಲೇ ಆಗಿರುತ್ತೆ.

ಕುದುರೆ ಸವಾರರಿಗೆ ರಾಜ್ಯದಲ್ಲಿ ದೊಡ್ಡ ಹೆಸರೂ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ದಂಡಿನಲ್ಲಿ ಜೋಧಪುರದವರ ಜತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಸಿಡ್ನಿ ಒಲಿಂಪಿಕ್ಸ್ ನಂತರ ಇಪ್ಪತ್ತು ವರ್ಷ ಭಾರತದ ಒಬ್ಬ ಸವಾರನೂ ಅಲ್ಲಿಗೆ ಹೋಗಿರಲಿಲ್ಲ. ಫವಾದ್ ಅವರ ತಂದೆ ಕುದುರೆ ವೈದ್ಯರು. ಅಂದರೆ ಮನೆಯಲ್ಲೇ ಕುದುರೆ ಇತ್ತು, ದಾರಿ ಗೊತ್ತಿತ್ತು. ಹಳ್ಳಿ ಹುಡುಗರಿಗೆ ಆ ಅನುಕೂಲ ಇಲ್ಲ ಅನ್ನೋದನ್ನೂ ಮರೆಯಬಾರದು.

ಯಾವ್ಯಾವ ಕೆಲಸ ಇವೆ?

*ಪಶುವೈದ್ಯ:* ಹೆತ್ತವರ ಅನುಮಾನ ಕಡಿಮೆ ಮಾಡೋ ದಾರಿ ಇದು. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಬಿ.ವಿ.ಎಸ್‌ಸಿ ಕೋರ್ಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೀದರ್‌ನಲ್ಲಿ ಕೇಂದ್ರ ಕಚೇರಿ ಇರೋ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳು ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿವೆ. ಜಿಲ್ಲೆಗೆ ಹತ್ತಿರದ್ದು ಶಿವಮೊಗ್ಗ. ರಾಜ್ಯದ ಸೀಟು ಹಂಚೋದು ಪರೀಕ್ಷಾ ಪ್ರಾಧಿಕಾರ. ಶೇ 15ರ ಅಖಿಲ ಭಾರತ ಕೋಟಾಕ್ಕೆ ನೀಟ್ ಅಂಕ ಬೇಕು. ರೈತರ ಮಕ್ಕಳು ಕೃಷಿಕರ ಕೋಟಾದ ನಿಯಮಗಳನ್ನ ಅರ್ಜಿ ಹಾಕೋ ಮೊದಲೇ ಓದಿಕೊಳ್ಳಬೇಕು. ಈ ಪದವಿ ಇದ್ದರೆ ಕುದುರೆ ಕೈ ಕೊಟ್ಟರೂ ಹಸು, ಕುರಿ, ಕೋಳಿ ಕೈ ಹಿಡಿಯುತ್ತವೆ.

*ಪಶುಸಂಗೋಪನಾ ಡಿಪ್ಲೊಮಾ:* ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಇಂಥದ್ದೊಂದು ಪಾಲಿಟೆಕ್ನಿಕ್ ಇದೆ. ಇದು ಕುದುರೆಗೆ ಮಾತ್ರ ಸೀಮಿತವಾದ ಕೋರ್ಸ್ ಅಲ್ಲ, ಆದರೆ ಪ್ರಾಣಿ ಆರೈಕೆಯ ಬುನಾದಿ ಇಲ್ಲಿ ಸಿಗುತ್ತೆ.

*ಪೊಲೀಸ್ ಅಶ್ವದಳ:* ಮೈಸೂರಿನಲ್ಲಿ ಸಶಸ್ತ್ರ ಮೀಸಲು ಪಡೆಯ ಅಶ್ವದಳ ಇದೆ. ದಸರಾ ಜಂಬೂಸವಾರಿಯಲ್ಲಿ ಅಂಬಾರಿ ಜತೆ ಕಾಣೋ ಕುದುರೆ ಪೊಲೀಸರು ಇವರೇ. ಸಶಸ್ತ್ರ ಕಾನ್ಸ್‌ಟೇಬಲ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು, 18 ವರ್ಷ ತುಂಬಿರಬೇಕು. ಕೆಲಸ ಸರ್ಕಾರಿ, ಸಂಬಳ ಖಾತ್ರಿ. ನೇಮಕಾತಿ ಅಧಿಸೂಚನೆಯಲ್ಲಿ ಯಾವ ಘಟಕಕ್ಕೆ ಎಷ್ಟು ಹುದ್ದೆ ಅನ್ನೋದನ್ನ ಸರಿಯಾಗಿ ನೋಡಬೇಕು.

*ಸೇನೆ:* ಜೈಪುರದ 61ನೇ ಕ್ಯಾವಲ್ರಿ 1953ರಲ್ಲಿ ಸಂಸ್ಥಾನಗಳ ಕುದುರೆ ದಳಗಳನ್ನ ಸೇರಿಸಿ ಕಟ್ಟಿದ ರೆಜಿಮೆಂಟ್. ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲೇ ಸೇರಿತು. ಮೀರತ್‌ನಲ್ಲಿ ಕೇಂದ್ರ ಇರೋ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಸೇನೆಯ ಕುದುರೆ, ಹೇಸರಗತ್ತೆ, ನಾಯಿಗಳನ್ನ ನೋಡಿಕೊಳ್ಳುತ್ತೆ. ಪಶುವೈದ್ಯ ಪದವೀಧರರಿಗೆ ಅಲ್ಲಿ ಅಧಿಕಾರಿ ಹುದ್ದೆ ಉಂಟು. ಅಗ್ನಿವೀರರಾಗಿ ಹದಿನೇಳೂವರೆ ವರ್ಷಕ್ಕೇ ಸೇನೆ ಸೇರಬಹುದು. ಆದರೆ ಅದು ನಾಲ್ಕು ವರ್ಷದ ಸೇವೆ, ಆಮೇಲೆ ಶೇ 25ರಷ್ಟು ಮಂದಿಯನ್ನ ಮಾತ್ರ ಕಾಯಂ ಮಾಡ್ತಾರೆ.

*ಜಾಕಿ:* ಬೆಂಗಳೂರು ಟರ್ಫ್ ಕ್ಲಬ್ ಹೊಸ ಜಾಕಿಗಳನ್ನ ತಯಾರು ಮಾಡೋ ತರಬೇತಿ ಶಾಲೆ ನಡೆಸುತ್ತೆ. ಇಲ್ಲಿ ಎಲ್ಲಕ್ಕಿಂತ ಮೊದಲ ಅರ್ಹತೆ ಮೈ ತೂಕ. ರೇಸಿನಲ್ಲಿ ಜೀನು ಸೇರಿ ಹೊರುವ ಭಾರ ಸುಮಾರು 50ರಿಂದ 60 ಕಿಲೋ ಆಸುಪಾಸು. ಅಪ್ಪ, ಅಣ್ಣ ಎತ್ತರದ ಆಳುಗಳಾದರೆ ಹುಡುಗ 16ಕ್ಕೆ ಸಣ್ಣಗಿದ್ದರೂ 20ಕ್ಕೆ ತೂಕ ಮೀರಬಹುದು. ಆಗ ಊಟ ಬಿಟ್ಟು ತೂಕ ಇಳಿಸೋಕೆ ಹೋಗಿ ಆರೋಗ್ಯ ಕೆಡಿಸಿಕೊಂಡವರು ಈ ಕ್ಷೇತ್ರದಲ್ಲಿ ಎಲ್ಲಾ ದೇಶಗಳಲ್ಲೂ ಇದ್ದಾರೆ.

*ಲಾಯದ ಕೆಲಸ, ಲಾಳದ ಕೆಲಸ:* ಕುದುರೆ ನೋಡಿಕೊಳ್ಳೋನಿಗೆ ಸೈಸ್ ಅಂತಾರೆ. ಬೆಳಗಿನ ಜಾವವೇ ಕೆಲಸ ಶುರು. ಸಗಣಿ ಬಾಚೋದು, ಮೈ ಉಜ್ಜೋದು, ಮೇವು ಹಾಕೋದು, ಕಾಲು ನೋಡೋದು. ಅನುಭವ ಬಂದ ಮೇಲೆ ವ್ಯಾಯಾಮ ಮಾಡಿಸೋ ಸವಾರ, ತರಬೇತುದಾರರ ಸಹಾಯಕ ಹೀಗೆ ಮೇಲೇರಬಹುದು. ಲಾಳ ಹೊಡೆಯೋದು ಇವೆಲ್ಲಕ್ಕಿಂತ ಬೇರೆ ಕೈಕಸುಬು. ಕುದುರೆ ಗೊರಸು ಉಗುರಿನಂತೆ ಬೆಳೀತಾನೇ ಇರುತ್ತೆ, ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಿ ಲಾಳ ಕೂರಿಸಬೇಕು. ಹಾಗಾಗಿ ಒಳ್ಳೆ ಲಾಳದವರಿಗೆ ಕುದುರೆ ಇರೋ ಕಡೆ ಕೆಲಸ ತಪ್ಪಲ್ಲ.

*ಸವಾರಿ ಶಾಲೆ:* ಬೆಂಗಳೂರು ಸುತ್ತಮುತ್ತ ಸವಾರಿ ಕಲಿಸೋ ಶಾಲೆಗಳು ಹಲವು ಇವೆ. ದೇವನಹಳ್ಳಿ ಕಡೆಯ ಎಂಬೆಸಿ ಶಾಲೆ ಹೆಸರಾದದ್ದು, ಫವಾದ್ ಪಳಗಿದ್ದು ಅಲ್ಲೇ. ಕಲಿಯೋಕೆ ಫೀಸು ಜಾಸ್ತಿ. ಆದರೆ ಇಂಥ ಕಡೆ ತರಬೇತುದಾರ, ಲಾಯದ ಮೇಲ್ವಿಚಾರಕರ ಕೆಲಸಗಳೂ ಇರುತ್ತವೆ.

ಹೆತ್ತವರ ಅನುಮಾನ, ನೇರ ಉತ್ತರ

ರೇಸ್ ಅಂದ್ರೆ ಜೂಜಲ್ವಾ? ಕುದುರೆ ರೇಸ್ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಹಾಗಂತ ಬಾಜಿ ಕಟ್ಟಿ ಹಾಳಾದವರು ಇಲ್ಲ ಅಂತಲ್ಲ. ಕುದುರೆ ನೋಡಿಕೊಂಡು ಸಂಬಳ ತಗೊಳ್ಳೋದು ಬೇರೆ, ಬಾಜಿ ಕಟ್ಟೋದು ಬೇರೆ. ಮಗನಿಗೆ ಇದನ್ನ ಮನೆ ಬಿಡೋ ಮೊದಲೇ ಕೂರಿಸಿ ಹೇಳಬೇಕು.

ಕೆಲಸ ಉಳಿಯುತ್ತಾ? ಇದು ನ್ಯಾಯವಾದ ಪ್ರಶ್ನೆ. ಬೆಂಗಳೂರು ರೇಸ್‌ಕೋರ್ಸ್ ಜಾಗದ ಗುತ್ತಿಗೆ 2009ರಲ್ಲೇ ಮುಗಿದು ವಿವಾದ ನಡೆದಿದೆ. 2024ರಲ್ಲಿ ಪರವಾನಗಿ ವಿಷಯ ಹೈಕೋರ್ಟ್ ಮೆಟ್ಟಿಲೇರಿ ಕೆಲಕಾಲ ರೇಸೇ ನಿಂತಿತ್ತು. ಹೈದರ್, ಟಿಪ್ಪು ಕಾಲದಿಂದ ಬಂದ ಕುಣಿಗಲ್ ಸ್ಟಡ್ ಫಾರಂ ಜಾಗದಲ್ಲಿ ಟೌನ್‌ಶಿಪ್ ಮಾಡೋ ಪ್ರಸ್ತಾಪಕ್ಕೂ ವಿರೋಧ ಬಂತು. ಗ್ಲ್ಯಾಂಡರ್ಸ್ ರೋಗ ಕಾಣಿಸಿಕೊಂಡರೆ ಕುದುರೆ ಸಾಗಣೆಯೇ ಬಂದ್ ಆಗುತ್ತೆ. ಆದ್ದರಿಂದ ರೇಸ್ ಒಂದನ್ನೇ ನಂಬಿ ಓದು ಬಿಡೋದು ತಪ್ಪು ಲೆಕ್ಕ.

ಪೆಟ್ಟಾದರೆ? ಆಗುತ್ತೆ. ಬೀಳೋದು, ಒದೆಸಿಕೊಳ್ಳೋದು, ಕಚ್ಚಿಸಿಕೊಳ್ಳೋದು ಈ ಕೆಲಸದ ಭಾಗ. ಹೆಲ್ಮೆಟ್, ಎದೆಕವಚ, ಹಿಮ್ಮಡಿ ಇರೋ ಶೂ ಇಲ್ಲದೆ ಹತ್ತಿಸೋ ಕಡೆ ಸೇರಿಸಬೇಡಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿರಬೇಕು. ಇಎಸ್‌ಐ, ಪಿಎಫ್, ಅಪಘಾತ ವಿಮೆ ಇದೆಯಾ ಎಂದು ಬಾಯಿಬಿಟ್ಟು ಕೇಳಿ, ಬರಹದಲ್ಲಿ ತಗೊಳ್ಳಿ.

ಹೆಣ್ಣುಮಕ್ಕಳಿಗೆ ಆಗುತ್ತಾ? 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ ತಂಡ ಚಿನ್ನ ಗೆದ್ದ ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳು: ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ. ಚೆನ್ನೈನ ರೂಪಾ ಸಿಂಗ್ ವೃತ್ತಿಪರ ಜಾಕಿಯಾಗಿ ಹೆಸರು ಮಾಡಿದವರು. ಪಶುವೈದ್ಯ ಕಾಲೇಜುಗಳಲ್ಲೂ ಹೆಣ್ಣುಮಕ್ಕಳು ಓದ್ತಿದ್ದಾರೆ. ಕೇಳಬೇಕಾದ್ದು ಉಳಿಯೋ ಜಾಗ ಸುರಕ್ಷಿತವಾ ಅನ್ನೋದು.

ವಯಸ್ಸಿನ ಕಾನೂನು ಮರೆಯಬೇಡಿ

14 ವರ್ಷದೊಳಗಿನ ಮಕ್ಕಳನ್ನ ಕೆಲಸಕ್ಕೆ ಇಟ್ಟುಕೊಳ್ಳೋ ಹಾಗಿಲ್ಲ. 14ರಿಂದ 18ರವರೆಗಿನವರನ್ನ ಅಪಾಯಕಾರಿ ಕೆಲಸಕ್ಕೆ ಹಚ್ಚೋ ಹಾಗಿಲ್ಲ. 2016ರ ತಿದ್ದುಪಡಿ ಇದನ್ನ ಸ್ಪಷ್ಟಪಡಿಸಿದೆ. ‘ಹುಡುಗನ್ನ ಕಳಿಸಿ, ಊಟ ವಸತಿ ಕೊಟ್ಟು ಕೆಲಸ ಕಲಿಸ್ತೀವಿ’ ಅಂತ ಯಾರಾದರೂ ಬಂದರೆ ಸಂಸ್ಥೆ ಹೆಸರು, ವಿಳಾಸ, ಒಪ್ಪಂದ ಪತ್ರ ಕೇಳಿ. ಕೊಡಲ್ಲ ಅಂದವರ ಜತೆ ಕಳಿಸಬೇಡಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098.

ನಿರ್ಧಾರಕ್ಕೆ ಮೊದಲು ಮಾಡಬೇಕಾದ್ದು

1. ರಜೆಯಲ್ಲಿ ತಾಲ್ಲೂಕು ಪಶು ಆಸ್ಪತ್ರೆಗೆ ಕರೆದೊಯ್ದು, ವೈದ್ಯರ ಅನುಮತಿ ಪಡೆದು ಕೆಲವು ದಿನ ಕೆಲಸ ನೋಡಲು ಬಿಡಿ. ರಕ್ತ, ಕೀವು, ಸಗಣಿ ನೋಡಿಯೂ ಆಸೆ ಉಳಿದರೆ ಅದು ರೀಲ್ಸ್ ನೋಡಿ ಬಂದ ಆಸೆ ಅಲ್ಲ.

2. ಒಮ್ಮೆ ಬೆಂಗಳೂರಿಗೋ ಮೈಸೂರಿಗೋ ಒಟ್ಟಿಗೇ ಹೋಗಿ ಲಾಯ ನೋಡಿ. ಮುಂಚೆ ಫೋನ್ ಮಾಡಿ, ಬೆಳಗಿನ ಹೊತ್ತಿಗೆ ಹೋಗಿ. ಅಲ್ಲಿ ಕೆಲಸ ಮಾಡೋರ ಹತ್ತಿರ ಸಂಬಳ, ರಜೆ, ಪೆಟ್ಟು ಎಲ್ಲಾ ಕೇಳಿ.

3. ಏನೇ ಆದರೂ ಪಿಯುಸಿ ಅಥವಾ ಡಿಪ್ಲೊಮಾ ಮುಗಿಸಲಿ. ಜಾಕಿ ತರಬೇತಿಗೆ ಹೋದರೂ ಪಿಯುಸಿಯನ್ನ ಖಾಸಗಿಯಾಗಿಯಾದರೂ ಕಟ್ಟಿಸಿ.

4. ಎರಡು ವರ್ಷದ ಗಡುವು ಹಾಕಿಕೊಳ್ಳಿ. ಅಷ್ಟರಲ್ಲಿ ತೂಕ, ಆರೋಗ್ಯ, ದುಡಿಮೆ ಸರಿ ಹೋಗದಿದ್ದರೆ ಏನು ಮಾಡೋದು ಅಂತ ಈಗಲೇ ಬರೆದಿಡಿ.

5. ಕುದುರೆ ಕೊಡಿಸಿ ಅಂತ ಹಟ ಹಿಡಿದರೆ ಆತುರ ಬೇಡ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ತಪ್ಪು ಮೇವು ತಿಂದು ಹೊಟ್ಟೆನೋವು ಬಂದರೆ ಗಂಟೆಗಳಲ್ಲಿ ಸಾಯಬಹುದು. ಮದುವೆ ಮೆರವಣಿಗೆಯ ಬಾಡಿಗೆ ಸೀಜನ್‌ಗೆ ಮಾತ್ರ, ಮೇವಿನ ಖರ್ಚು ವರ್ಷಪೂರ್ತಿ.

ಬೇಡ ಅಂತ ಬೈದು ಕೂರಿಸಿದ ಹುಡುಗ ಹೇಳದೇ ಬೆಂಗಳೂರು ಬಸ್ ಹತ್ತಿದರೆ, ಒಪ್ಪಂದ ಪತ್ರ, ವಿಮೆ, ಹೆಲ್ಮೆಟ್ ಕೇಳೋಕೆ ಅವನ ಜತೆ ಯಾರೂ ಇರಲ್ಲ. ಅನುಮಾನ ಇದ್ದರೂ ಜತೆಗೆ ಹೋಗಿ ನೋಡಿ ಬರೋದೇ ಮನೆಯವರಿಗೆ ಸುರಕ್ಷಿತ ದಾರಿ.