ಕೀಲುನೋವಿಗೆ ಹಲ್ಲು ತೆತ್ತವರು

ಕೀಲುಗಳು ಬಾತು, ಬೆಳಗಿನ ಹೊತ್ತು ಬೆರಳು ಮಡಚಲಾಗದೆ ಬಂದ ರೋಗಿಯ ಬಾಯಿಯನ್ನು ಮೊದಲು ತೆರೆಸಿ ನೋಡುವ ಪದ್ಧತಿಯೊಂದು 1910ರ ದಶಕದಿಂದ ಸುಮಾರು 1940ರವರೆಗೆ ಅಮೆರಿಕ, ಬ್ರಿಟನ್ನುಗಳಲ್ಲಿ ಬಲವಾಗಿ ಬೇರೂರಿತ್ತು. ಹುಳುಕು ಹಲ್ಲು, ಬೇರಿನ ತುದಿಯಲ್ಲಿ ಕೀವು, ಊದಿದ ಟಾನ್ಸಿಲ್ ಕಂಡರೆ ಅವನ್ನು ತೆಗೆದುಹಾಕುವುದೇ ಸಂಧಿವಾತಕ್ಕೆ ಮದ್ದು ಎನಿಸಿತ್ತು. ಬರೀ ಅನುಮಾನದ ಮೇಲೆ ಗಟ್ಟಿ ಹಲ್ಲುಗಳೂ ಹೋದವು. ಇದು ಸಂತೆಯ ನಕಲಿ ವೈದ್ಯರ ಕೈಚಳಕವಲ್ಲ. ಆ ಕಾಲದ ದೊಡ್ಡ ವೈದ್ಯಶಾಲೆಗಳ, ಹೆಸರಾಂತ ಪ್ರಾಧ್ಯಾಪಕರ ಬೋಧನೆ. ಈ ಚರಿತ್ರೆಯನ್ನು ಒಂದು ಮೂಢ ಕಲ್ಪನೆಯ ಕಥೆಯೆಂದು ಮುಗಿಸಿಬಿಡುವುದು ಸುಲಭ, ಆದರೆ ಸರಿಯಲ್ಲ. ಬಾಯಿಗೂ ಕೀಲಿಗೂ ನಂಟಿದೆಯೇ ಎಂಬ ಪ್ರಶ್ನೆ ಒಳ್ಳೆಯದೇ ಆಗಿತ್ತು. ಉತ್ತರ ಪರೀಕ್ಷೆಗೆ ಒಳಪಡುವ ಮೊದಲೇ ಇಕ್ಕಳ ಕೈಗೆ ಬಂದದ್ದು ತಪ್ಪು.

ಈ ಶಂಕೆ ಬಹಳ ಹಳೆಯದು. ಕ್ರಿಸ್ತಪೂರ್ವ ಏಳನೆಯ ಶತಮಾನದ ಅಸ್ಸೀರಿಯದ ಅರಮನೆಯ ವೈದ್ಯನೊಬ್ಬ ತಲೆ, ಕೈ, ಕಾಲುಗಳ ಉರಿಗೆ ಹಲ್ಲೇ ಕಾರಣವೆಂದು ಮಣ್ಣಿನ ಹಲಗೆಯ ಮೇಲೆ ಬರೆದಿದ್ದಾನೆ. ಫಿಲಡೆಲ್ಫಿಯದ ಬೆಂಜಮಿನ್ ರಶ್, ಹಲ್ಲು ಕಿತ್ತ ಮೇಲೆ ಸೊಂಟದ ಕೀಲುನೋವು ಮಾಯವಾದ ಪ್ರಕರಣವನ್ನು ದಾಖಲಿಸಿದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೋಗಾಣುಗಳ ಶಾಸ್ತ್ರ ಗೆದ್ದು ನಿಂತಾಗ ಈ ಹಳೆಯ ಶಂಕೆಗೆ ಹೊಸ ಜೀವ ಬಂತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ, ಕೊಳೆತ ಬೇರುಗಳ ಮೇಲೆ ಚಿನ್ನದ ಕವಚ ಹೊದಿಸುವ ದಂತವೈದ್ಯವನ್ನು ಕಟುವಾಗಿ ಖಂಡಿಸಿದ. 1912ರಲ್ಲಿ ಷಿಕಾಗೊದ ಫ್ರ್ಯಾಂಕ್ ಬಿಲ್ಲಿಂಗ್ಸ್ ಅದಕ್ಕೆ ಸಿದ್ಧಾಂತದ ರೂಪ ಕೊಟ್ಟ. ಹಲ್ಲಿನ ಬುಡದಲ್ಲೋ ಟಾನ್ಸಿಲ್‌ನಲ್ಲೋ ಬೀಡುಬಿಟ್ಟ ರೋಗಾಣುಗಳು ರಕ್ತದ ಮೂಲಕ ಹೋಗಿ ಕೀಲು, ಮೂತ್ರಪಿಂಡಗಳನ್ನು ಕೆಡಿಸುತ್ತವೆ ಎಂಬ ಈ ವಾದವೇ ‘ಫೋಕಲ್ ಇನ್‌ಫೆಕ್ಷನ್’. ಅವನ ಶಿಷ್ಯ ಎಡ್ವರ್ಡ್ ರೋಸೆನೋ, ರೋಗಿಗಳಿಂದ ತೆಗೆದ ಸ್ಟ್ರೆಪ್ಟೊಕಾಕಸ್‌ಗಳನ್ನು ಮೊಲಗಳಿಗೆ ಚುಚ್ಚಿ, ಅವು ಆಯಾ ಅಂಗವನ್ನೇ ಹುಡುಕಿಕೊಂಡು ಹೋಗುತ್ತವೆ ಎಂದ. ಅಷ್ಟರಲ್ಲಿ ಹಲ್ಲಿನ ಎಕ್ಸ್‌ರೇ ಬಳಕೆಗೆ ಬಂದಿತ್ತು. ಬೇರಿನ ತುದಿಯ ಕಪ್ಪು ನೆರಳು ಎಲ್ಲರ ಕಣ್ಣಿಗೂ ಕಾಣುವ ಸಾಕ್ಷಿಯಾಯಿತು.

ರೋಗಿಗಳು ನಿಜಕ್ಕೂ ಚೇತರಿಸಿಕೊಂಡಿದ್ದರಲ್ಲ ಎಂದು ಕೇಳಬಹುದು. ಹೌದು, ಕೆಲವರು ಚೇತರಿಸಿಕೊಂಡರು. ಆದರೆ ರುಮಟಾಯ್ಡ್ ಸಂಧಿವಾತ ಏರಿಳಿಯುವ ಕಾಯಿಲೆ. ಕೆಲವು ತಿಂಗಳು ಕಾಡಿ, ಯಾವ ಮದ್ದೂ ಇಲ್ಲದೆ ತಾನಾಗಿ ತಗ್ಗುವುದುಂಟು. ನೋವು ತುತ್ತತುದಿಗೆ ಏರಿದಾಗಲೇ ರೋಗಿ ವೈದ್ಯನ ಬಳಿ ಬರುತ್ತಾನೆ. ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ ನೋವು ಇಳಿಯುವ ಸಂಭವವೇ ಹೆಚ್ಚು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ, ಕಿತ್ತ ಹಲ್ಲಿಗೆ ಕೀರ್ತಿ ಬಂತು. ಗುಣವಾದವರ ಕಥೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಹಲ್ಲೂ ಹೋಗಿ ನೋವೂ ಉಳಿದವರಿಗೆ, ಸೋಂಕಿನ ನೆಲೆ ಇನ್ನೆಲ್ಲೋ ಇರಬೇಕೆಂದು ಹೇಳಿ ಮತ್ತೊಂದು ಅಂಗದ ತಪಾಸಣೆ ನಡೆಯಿತು. ಸೋಲನ್ನೂ ಹೀಗೆ ತನ್ನ ಪರ ಸಾಕ್ಷಿಯಾಗಿ ತಿರುಗಿಸಿಕೊಳ್ಳಬಲ್ಲ ಸಿದ್ಧಾಂತವನ್ನು ಅನುಭವದ ಬಲದಿಂದ ಮಾತ್ರ ಅಲುಗಿಸಲಾಗದು. ಅದಕ್ಕೆ ಹೋಲಿಕೆಯ ಗುಂಪು ಬೇಕು.

ಆ ಕಾಲದವರಿಗೆ ಅಂಥ ವಿಧಾನ ಗೊತ್ತಿರಲಿಲ್ಲ, ಇಂದಿನ ಅಳತೆಗೋಲಿನಿಂದ ಅವರನ್ನು ಅಳೆಯಬಾರದು ಎಂಬ ಆಕ್ಷೇಪಕ್ಕೆ ತೂಕವಿದೆ. ಪೆನಿಸಿಲಿನ್ ಇರಲಿಲ್ಲ, ಕಾರ್ಟಿಸೋನ್ ಇರಲಿಲ್ಲ, ರೋಗಿ ಕಣ್ಣೆದುರೇ ಮುರುಟಿಹೋಗುತ್ತಿದ್ದ. ಆದರೂ ವಿಧಾನ ಗೊತ್ತಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಇದೇ ವಾದ ಹಿಡಿದು ಮನೋರೋಗಿಗಳ ಹಲ್ಲು, ಟಾನ್ಸಿಲ್, ಕೊನೆಗೆ ಕರುಳನ್ನೂ ತೆಗೆಸುತ್ತಿದ್ದಾಗ, ನ್ಯೂಯಾರ್ಕಿನಲ್ಲಿ ನಿಕೊಲಸ್ ಕೊಪೆಲಾಫ್ ಮತ್ತು ಸಂಗಡಿಗರು 1920ರ ದಶಕದ ಆರಂಭದಲ್ಲೇ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಸೋಂಕಿನ ನೆಲೆಗಳನ್ನು ತೆಗೆಸಿ, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದರೆ ವ್ಯತ್ಯಾಸವೇ ಕಾಣಲಿಲ್ಲ. ದಾರಿ ತೆರೆದೇ ಇತ್ತು. ಸಂಧಿವಾತದ ವೈದ್ಯರು ಅದರಲ್ಲಿ ನಡೆಯಲಿಲ್ಲ. 1935ರಲ್ಲಿ ಒಕೆಲ್ ಮತ್ತು ಎಲಿಯಟ್, ಹಲ್ಲು ಕೀಳುವ ಕ್ರಿಯೆಯೇ ಬಾಯಿಯ ರೋಗಾಣುಗಳನ್ನು ರಕ್ತಕ್ಕೆ ತಳ್ಳುತ್ತದೆ ಎಂದು ತೋರಿಸಿದರು. 1938ರಲ್ಲಿ ರಸೆಲ್ ಸೆಸಿಲ್ ಮತ್ತು ಆಂಜೆವೈನ್ ರುಮಟಾಯ್ಡ್ ಸಂಧಿವಾತದ 200 ಪ್ರಕರಣಗಳನ್ನು ಪರಿಶೀಲಿಸಿದರು. ಹಲ್ಲು ತೆಗೆಸಿಕೊಂಡಿದ್ದ 52 ಜನರಲ್ಲಿ 47 ಮಂದಿಗೆ ಗುಣ ಕಂಡಿರಲಿಲ್ಲ. ಸೆಸಿಲ್ ಹಿಂದೆ ಇದೇ ಸಿದ್ಧಾಂತದ ಬೆಂಬಲಿಗನಾಗಿದ್ದ. ಲೆಕ್ಕ ಎದುರು ನಿಂತಾಗ ತನ್ನ ನಿಲುವನ್ನೇ ಬಿಟ್ಟುಕೊಟ್ಟ ಅವನ ಧೈರ್ಯ ಗೌರವಕ್ಕೆ ಅರ್ಹ.

ಈಗಿನ ಸಂಶೋಧನೆ ಹಳಬರ ಮಾತನ್ನೇ ಎತ್ತಿಹಿಡಿದಿದೆ ಎಂಬ ವಾದವೂ ಇದೆ. ಒಸಡಿನ ರೋಗ ತರುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಪ್ರೋಟೀನುಗಳ ರೂಪ ಬದಲಿಸುವ ಕಿಣ್ವವೊಂದನ್ನು ಹೊಂದಿದೆ. ಹಾಗೆ ರೂಪ ಬದಲಿಸಿದ ಪ್ರೋಟೀನುಗಳ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳೇ ರುಮಟಾಯ್ಡ್ ಸಂಧಿವಾತದ ಮುಖ್ಯ ಗುರುತು. ಅವು ಕೀಲು ಬಾಯುವ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಒಸಡಿನ ಇನ್ನೊಂದು ಬ್ಯಾಕ್ಟೀರಿಯಾಕ್ಕೂ ಇಂಥದೇ ಪಾತ್ರವಿರಬಹುದೆಂದು 2016ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ತೋರಿಸಿದರು. ಆದರೆ ಇದು ಬಿಲ್ಲಿಂಗ್ಸ್ ಹೇಳಿದ ದಾರಿಯಲ್ಲ. ಅವನ ಪ್ರಕಾರ ರೋಗಾಣುವೇ ಕೀಲಿಗೆ ಹೋಗಿ ನೆಲೆಸಬೇಕಿತ್ತು. ಇಲ್ಲಿ ದಾರಿ ತಪ್ಪುವುದು ದೇಹದ ರಕ್ಷಣಾ ವ್ಯವಸ್ಥೆ, ಮತ್ತು ಒಮ್ಮೆ ದಾರಿ ತಪ್ಪಿದ ಅದನ್ನು ಹಲ್ಲು ಕಿತ್ತು ಹಿಂದಕ್ಕೆ ಕರೆಯಬಹುದೆಂದು ಯಾವ ಪ್ರಯೋಗವೂ ತೋರಿಸಿಲ್ಲ. ಒಸಡಿನ ಚಿಕಿತ್ಸೆಯಿಂದ ಕೀಲಿನ ಉರಿಯೂತ ತುಸು ಇಳಿಯುವುದನ್ನು ಕೆಲವು ಸಣ್ಣ ಪ್ರಯೋಗಗಳು ಕಂಡಿವೆ. ಅಷ್ಟರಿಂದ ಅದು ಸಂಧಿವಾತದ ಮದ್ದಾಗದು.

ರೂಟ್ ಕೆನಾಲ್ ಮಾಡಿಸಿದ ಹಲ್ಲುಗಳೇ ಕೀಲುನೋವಿನ ಮೂಲವೆಂದು ಹೆದರಿಸುವವರು ಇಂದಿಗೂ ಇದ್ದಾರೆ. ಅವರು ಆಧರಿಸುವುದು ವೆಸ್ಟನ್ ಪ್ರೈಸ್ 1923ರಲ್ಲಿ ಪ್ರಕಟಿಸಿದ ಮೊಲದ ಪ್ರಯೋಗಗಳನ್ನು. ಒಸಡಿನ ರೋಗಕ್ಕೆ ಚಿಕಿತ್ಸೆ ಪಡೆಯಲು ಆ ರೋಗವೇ ಸಾಕಷ್ಟು ಕಾರಣ. ಕೀಲಿನ ಆಸೆ ತೋರಿಸಬೇಕಾಗಿಲ್ಲ. ಸಂಬಂಧವೊಂದು ಸಂಭವನೀಯ ಎಂಬುದು ಸಂಶೋಧನೆ ಆರಂಭಿಸಲು ಸಾಕು, ಮತ್ತೆ ಬೆಳೆಯದ ಅಂಗವನ್ನು ಕಿತ್ತುಹಾಕಲು ಸಾಲದು. ಹಲ್ಲು ಕಿತ್ತರೆ ಕೀಲು ಸರಿಹೋಗುತ್ತದೆ ಎಂದು ಹೇಳುವ ಯಾರನ್ನೇ ಆಗಲಿ, ಕೀಳಿಸದವರ ಗತಿ ಏನಾಯಿತು ಎಂದು ಮೊದಲು ಕೇಳುವ ಹಕ್ಕು ರೋಗಿಗಿದೆ.